ಮಕ್ಕಳ ಸಕ್ಕರೆ ಬೇನೆ ಮತ್ತು ಆಯುಷ್ಯ

ಸಕ್ಕರೆ ಬೇನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಐವತ್ತು ದಾಟಿದ, ಮೈ ತುಂಬಿಕೊಂಡ, ಚಹಕ್ಕೆ ಸಕ್ಕರೆ ಬೇಡವೆಂದು ಕೈ ಅಡ್ಡ ಹಿಡಿಯುವ ಯಜಮಾನರು. ಆ ಬೇನೆ ಊರೂರಿನಲ್ಲಿ ಉಂಟು. ಅದರ ಮೇಲೆ ಮಾತೂ ಬೇಕಾದಷ್ಟು ನಡೆಯುತ್ತದೆ. ಆದರೆ ಅದೇ ಹೆಸರಿನ ಇನ್ನೊಂದು ಬೇನೆಯಿದೆ. ಅದು ಆರು, ಎಂಟು, ಹನ್ನೆರಡು ವರ್ಷದ ಮಕ್ಕಳನ್ನು ಹಿಡಿಯುತ್ತದೆ. ಸಿಹಿ ತಿಂದುದರಿಂದ ಅದು ಬರುವುದಿಲ್ಲ. ತಂದೆ ತಾಯಿಗಳ ಯಾವ ತಪ್ಪಿನಿಂದಲೂ ಬರುವುದಿಲ್ಲ. ವೈದ್ಯರು ಅದನ್ನು ಮೊದಲನೆಯ ಬಗೆಯ ಮಧುಮೇಹ, ‘ಟೈಪ್ ಒನ್’ ಎಂದು ಕರೆಯುತ್ತಾರೆ. ದೊಡ್ಡವರ ಸಕ್ಕರೆ ಬೇನೆ ವರ್ಷಗಟ್ಟಲೆ ಮೆಲ್ಲಗೆ ಸವೆಸುತ್ತದೆ. ಇದು ಹಾಗಲ್ಲ, ಗುರುತು ಸಿಗದೆ ಹೋದರೆ ಕೆಲವೇ ವಾರಗಳಲ್ಲಿ ಮಗುವನ್ನು ಒಯ್ದುಬಿಡುತ್ತದೆ. ಗುರುತು ಸಿಕ್ಕು, ಔಷಧ ತಪ್ಪದೆ ನಡೆದರೆ ಅದೇ ಮಗು ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬಾಳೀತು.

ಇಷ್ಟು ದೊಡ್ಡ ಅಂತರ ಏಕೆ ಎಂಬುದು ತಿಳಿಯಬೇಕಾದರೆ ಬೇನೆಯ ಬುಡವನ್ನು ಸ್ವಲ್ಪ ನೋಡಬೇಕು. ಜಠರದ ಹಿಂಬದಿಗೆ ಮೇದೋಜೀರಕಾಂಗವೆಂಬ ಗ್ರಂಥಿಯಿದೆ. ಅದರೊಳಗೆ ಅಲ್ಲಲ್ಲಿ ದ್ವೀಪಗಳಂತೆ ಕಾಣುವ ಜೀವಕೋಶಗಳ ಗುಂಪುಗಳನ್ನು 1869ರಲ್ಲಿ ಜರ್ಮನಿಯ ಲ್ಯಾಂಗರ್‌ಹಾನ್ಸ್ ಎಂಬ ತರುಣ ವಿದ್ಯಾರ್ಥಿ ಕಂಡು ಬರೆದಿಟ್ಟನು. ಇನ್ಸುಲಿನ್ ಒಸರುವುದು ಈ ದ್ವೀಪಗಳಿಂದ. ನಾವು ಉಂಡ ರೊಟ್ಟಿಯೂ ಅನ್ನವೂ ಕೊನೆಗೆ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತವೆ. ಆ ಸಕ್ಕರೆ ಸ್ನಾಯುಗಳ ಒಳಹೋಗಿ ಬಲವಾಗಬೇಕಾದರೆ ಇನ್ಸುಲಿನ್ ಬಾಗಿಲು ತೆರೆಯಬೇಕು. ರೋಗಾಣುಗಳನ್ನು ಎದುರಿಸಲೆಂದು ಶರೀರವು ಇಟ್ಟುಕೊಂಡಿರುವ ಕಾವಲುಪಡೆಯು ಕೆಲವರಲ್ಲಿ ದಾರಿ ತಪ್ಪಿ, ತನ್ನವೇ ಆದ ಈ ಜೀವಕೋಶಗಳನ್ನು ಹಗೆಯೆಂದು ಬಗೆದು ಕೊಲ್ಲತೊಡಗುತ್ತದೆ. ಹೊಲ ಕಾಯಲು ಇಟ್ಟ ನಾಯಿ ಮನೆಯ ಕರುವಿಗೇ ಬಾಯಿ ಹಾಕಿದಂತೆ. ಕೀಲುಗಳು ಬಾತು ಸೊಟ್ಟಗಾಗುವ ಒಂದು ಬಗೆಯ ವಾತ, ಥೈರಾಯ್ಡ್ ಗ್ರಂಥಿಯ ಕೆಲವು ರೋಗಗಳು, ಲೂಪಸ್ ಇವೂ ಇದೇ ಕುಲದವು. ಮಕ್ಕಳ ಮಧುಮೇಹವೂ ಈ ಕುಲಕ್ಕೆ ಸೇರಿದ್ದೆಂಬುದಕ್ಕೆ ಗಟ್ಟಿ ಸಾಕ್ಷಿ ದೊರೆತದ್ದು 1974ರಲ್ಲಿ, ಲಂಡನ್ನಿನ ಸಂಶೋಧಕರು ರೋಗಿಗಳ ರಕ್ತದಲ್ಲಿ ಈ ದ್ವೀಪಗಳ ಮೇಲೆ ತಿರುಗಿಬಿದ್ದ ಪ್ರತಿಕಾಯಗಳನ್ನು ಕಂಡಾಗ. ವಿಚಿತ್ರವೆಂದರೆ, ಕಾರಣ ತಿಳಿಯುವುದಕ್ಕೆ ಅರ್ಧ ಶತಮಾನ ಮೊದಲೇ ಔಷಧ ಕೈಗೆ ಬಂದಿತ್ತು.

1922ಕ್ಕೆ ಮೊದಲು ಈ ಬೇನೆಯ ಮಗುವಿಗೆ ಉಪವಾಸವೊಂದೇ ಚಿಕಿತ್ಸೆ. ಆಹಾರವನ್ನು ಹಿಡಿ ಹಿಡಿಯಾಗಿ ಕಡಿಮೆ ಮಾಡುತ್ತ ಹೋದರೆ ಸಾವು ಕೆಲವು ತಿಂಗಳು ತಡವಾಗುತ್ತಿತ್ತು. ಎಲುಬಿನ ಗೂಡಾದ ಮಗು ಹಸಿವಿನಿಂದಲೇ ಸಾಯುವುದೂ ಇತ್ತು. ಆ ವರ್ಷದ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ದನದ ಗ್ರಂಥಿಯಿಂದ ತೆಗೆದ ರಸವನ್ನು ಚುಚ್ಚಿದರು. ಹುಡುಗನ ತೂಕ ಆಗ 30 ಕಿಲೋ ಕೂಡ ಇರಲಿಲ್ಲ. ಮೊದಲ ಸೂಜಿ ಹೆಚ್ಚು ಫಲ ಕೊಡಲಿಲ್ಲ. ಹನ್ನೆರಡು ದಿನ ಬಿಟ್ಟು, ಇನ್ನೂ ಶುದ್ಧಗೊಳಿಸಿದ ರಸವನ್ನು ಕೊಟ್ಟಾಗ ಅವನು ಚೇತರಿಸಿಕೊಂಡನು. ಮುಂದೆ 13 ವರ್ಷ ಬದುಕಿ, 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡನು. ಕಂಡುಹಿಡಿದವರು ತಮ್ಮ ಹಕ್ಕನ್ನು ತಲೆಗೆ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇಂದು ಇನ್ಸುಲಿನ್ ಬಾಟಲಿಯ ಬೆಲೆ ಕೇಳುವಾಗಲೆಲ್ಲ ಈ ಮಾತು ನೆನಪಾಗದೆ ಇರದು.

ಸಾವು ಅಲ್ಲಿಗೆ ಇಲ್ಲವಾಯಿತೆಂದಲ್ಲ. ಹಿಂದೆ ಸರಿಯಿತು, ರೂಪ ಬದಲಿಸಿತು. ಇನ್ಸುಲಿನ್ ಪಡೆದು ಬೆಳೆದ ಮಕ್ಕಳು ಹದಿನೈದಿಪ್ಪತ್ತು ವರ್ಷಗಳಾದ ಮೇಲೆ ಮೂತ್ರಪಿಂಡ ಕೆಟ್ಟು, ಕಣ್ಣು ಮಂಜಾಗಿ, ಹೃದಯ ಸೋತು ಆಸ್ಪತ್ರೆಗೆ ಬರತೊಡಗಿದರು. ಮಧುಮೇಹಿಗಳ ಮೂತ್ರಪಿಂಡದ ಈ ಕೆಡುಕನ್ನು 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು ವರ್ಣಿಸಿದರು. ಮುಂದಿನ ಲೆಕ್ಕ ಸಮಾಧಾನದ್ದು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಬಹುಕಾಲ ನಡೆದ ಅಧ್ಯಯನದಲ್ಲಿ, 1950ರಿಂದ 1964ರೊಳಗೆ ಬೇನೆ ಗೊತ್ತಾದವರ ನಿರೀಕ್ಷಿತ ಆಯುಷ್ಯ 53.4 ವರ್ಷ, 1965ರಿಂದ 1980ರೊಳಗಿನವರದು 68.8 ವರ್ಷ. ಒಂದೇ ತಲೆಮಾರಿನಲ್ಲಿ ಹದಿನೈದು ವರ್ಷದ ಗಳಿಕೆ! ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕಣ್ಣೂ ಮೂತ್ರಪಿಂಡವೂ ಉಳಿಯುತ್ತವೆಂದು 1983ರಿಂದ 1993ರವರೆಗೆ 1441 ರೋಗಿಗಳ ಮೇಲೆ ನಡೆದ ಪ್ರಯೋಗ ತೋರಿಸಿತು. ಹಾಗಿದ್ದರೂ 2008ರಿಂದ 2010ರ ಸ್ಕಾಟ್ಲೆಂಡಿನ ಲೆಕ್ಕದಲ್ಲಿ, ಈ ಬೇನೆಯ ಗಂಡಸರು ಉಳಿದವರಿಗಿಂತ 11 ವರ್ಷ, ಹೆಂಗಸರು 13 ವರ್ಷ ಕಡಿಮೆ ಬಾಳುತ್ತಿದ್ದರು.

ಅದು ಶ್ರೀಮಂತ ನಾಡುಗಳ ಮಾತು. 2021ರಲ್ಲಿ ಬೇನೆ ಗೊತ್ತಾದ ಹತ್ತು ವರ್ಷದ ಮಗು ಇನ್ನೆಷ್ಟು ವರ್ಷ ಬದುಕೀತೆಂದು ತಜ್ಞರು ಜಗತ್ತಿನ ದೇಶಗಳಿಗೆಲ್ಲ ಅಂದಾಜು ಕಟ್ಟಿದರು. ಶ್ರೀಮಂತ ದೇಶಗಳಲ್ಲಿ ಸರಾಸರಿ 65 ವರ್ಷ. ಕಡುಬಡ ದೇಶಗಳಲ್ಲಿ 13 ವರ್ಷ. ಬೇನೆ ಒಂದೇ, ಔಷಧವೂ ಒಂದೇ. ನಮ್ಮ ದೇಶ ಈ ಎರಡರ ನಡುವೆ ನಿಂತಿದೆ. ಆದರೆ ನನ್ನ ಎಣಿಕೆಯಲ್ಲಿ ದೇಶದ ಸರಾಸರಿಗಿಂತ ಮಗು ಹುಟ್ಟಿದ ಊರು, ಆ ಊರಿಗೆ ದವಾಖಾನೆ ಎಷ್ಟು ದೂರ, ಮನೆಯವರಿಗೆ ಈ ಬೇನೆಯ ಹೆಸರು ಗೊತ್ತೇ ಎಂಬುದೇ ದೊಡ್ಡದು.

ವಿಜಯಪುರ ಜಿಲ್ಲೆಯನ್ನೇ ತೆಗೆದುಕೊಳ್ಳಿ. 1995ರಲ್ಲಿ ಆರಂಭವಾದ ಕರ್ನಾಟಕದ ಮಧುಮೇಹ ನೋಂದಣಿಯಲ್ಲಿ ಒಂದು ಲಕ್ಷ ಗಂಡುಮಕ್ಕಳಲ್ಲಿ ವರ್ಷಕ್ಕೆ 3.7, ಹೆಣ್ಣುಮಕ್ಕಳಲ್ಲಿ 4.0 ಹೊಸ ರೋಗಿಗಳು ಕಂಡರು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು 21.77 ಲಕ್ಷ, ಮೂರರಲ್ಲಿ ಒಂದು ಪಾಲು ಮಕ್ಕಳೆಂದು ಹಿಡಿದು ಅದೇ ಪ್ರಮಾಣವನ್ನು ಹಚ್ಚಿದರೆ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಹೊಸ ಮಕ್ಕಳಾಗುತ್ತಾರೆ. ಇದು ಅಂದಾಜು ಮಾತ್ರ. ಅವರಲ್ಲಿ ಹೆಚ್ಚಿನವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯವರೇ ಆಗಬೇಕು, ಏಕೆಂದರೆ ಜಿಲ್ಲೆಯ ಜನರಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಇದೆ. ಇವರೆಲ್ಲ ಲೆಕ್ಕಕ್ಕೆ ಸಿಗುವುದು ಕಷ್ಟ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ ಇಪ್ಪತ್ತೆರಡರಷ್ಟು. ಉಳಿದವು ‘ಜ್ವರ ಬಂದಿತ್ತು, ವಾಂತಿಯಾಯಿತು, ಹೋಯಿತು’ ಎಂಬ ಮಾತಿನಲ್ಲಿ ಮುಗಿಯುತ್ತವೆ.

ಬೇನೆಯ ಮೊದಲ ಗುರುತುಗಳು ನಮ್ಮ ಕಡೆಯ ಬೇಸಿಗೆಯಲ್ಲಿ ಸುಲಭವಾಗಿ ಅಡಗಿಕೊಳ್ಳುತ್ತವೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಅದು ಮೂತ್ರದಲ್ಲಿ ಹೊರಬೀಳುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಮಗು ತಂಬಿಗೆಗಟ್ಟಲೆ ನೀರು ಕುಡಿಯುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತದೆ, ಉಂಡರೂ ಸೊರಗುತ್ತದೆ. ಏಪ್ರಿಲ್ ತಿಂಗಳು, ಬಿಸಿಲು ನಲವತ್ತರ ಆಚೆ. “ಬ್ಯಾಸಿಗಿ ದಿವಸ, ನೀರಡಿಕಿ ಆಗೂದ ಬಿಡ್ರಿ” ಎನ್ನುತ್ತಾರೆ ಮನೆಯ ಹಿರಿಯರು. ಇಂಡಿಯ ನಿಂಬೆಹಣ್ಣು ಮನೆಯಲ್ಲಿ ಇದ್ದೇ ಇರುತ್ತದೆ. ಸಕ್ಕರೆ ಕದಡಿದ ಶರಬತ್ತು ಮಗುವಿನ ಕೈಗೆ ಬರುತ್ತದೆ. ಪ್ರೀತಿಯಿಂದಲೇ ಕೊಟ್ಟದ್ದು, ಆದರೆ ಉರಿಗೆ ಎಣ್ಣೆ. ಇಷ್ಟರಲ್ಲಿ ಶರೀರವು ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಸುಡತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನುಗಳೆಂಬ ಆಮ್ಲಗಳು ರಕ್ತವನ್ನು ಕೆಡಿಸುತ್ತವೆ. ಹೊಟ್ಟೆನೋವು, ವಾಂತಿ, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ, ಆಳವಾದ ಏದುಸಿರು, ಕೊನೆಗೆ ಮಂಪರು. ಇದನ್ನು ಅಜೀರ್ಣವೆಂದೋ, ನ್ಯುಮೋನಿಯಾ ಎಂದೋ ತಿಳಿಯುವುದು ಓದಿದವರಿಂದಲೂ ಆಗುವ ತಪ್ಪು. ಅದಕ್ಕಿಂತ ಕೆಟ್ಟದ್ದು, ‘ಹುಡುಗ ಸೋತಾನ, ಒಂದು ಗ್ಲುಕೋಸ್ ಸಲಾಯಿನ್ ಹಚ್ಚಿರಿ’ ಎಂದು ನಾವೇ ಡಾಕ್ಟರರನ್ನು ಒತ್ತಾಯಿಸುವುದು. ಆಗಲೇ ಸಕ್ಕರೆ ತುಂಬಿದ ರಕ್ತಕ್ಕೆ ಇನ್ನಷ್ಟು ಸಕ್ಕರೆ ಸುರಿದಂತಾಯಿತು. ಈ ಸ್ಥಿತಿಯಲ್ಲಿ ಬೇಕಾದದ್ದು ಬರಿಯ ಉಪ್ಪುನೀರಿನ ಸಲಾಯಿನ್, ಲೆಕ್ಕದ ಇನ್ಸುಲಿನ್, ಗಂಟೆ ಗಂಟೆಗೂ ರಕ್ತದ ತಪಾಸಣೆ. ಆದ್ದರಿಂದ ಯಾವ ಮಗುವಿಗಾದರೂ ಸಲಾಯಿನ್ ಹಚ್ಚುವ ಮೊದಲು ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿರೆಂದು ಕೇಳಬೇಕು. ಅರ್ಧ ನಿಮಿಷವೂ ಹಿಡಿಯದ ಕೆಲಸ. ಕೇಳಿದರೆ ಡಾಕ್ಟರರು ಸಿಟ್ಟಾದಾರೆಂಬ ಸಂಕೋಚ ಬೇಡ.

ಇಟಲಿಯ ಪಾರ್ಮಾ ಎಂಬ ಊರಿನ ಸುತ್ತ 1991ರಿಂದ ಶಾಲೆಗಳಲ್ಲಿ ಒಂದು ಭಿತ್ತಿಚಿತ್ರ ಅಂಟಿಸಿದರು. ‘ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದೆಯೆ? ಬಹಳ ನೀರು ಕುಡಿಯುತ್ತದೆಯೆ?’ ಇಷ್ಟೇ ಅದರ ತಿರುಳು. ಅದಕ್ಕೆ ಮೊದಲು ಹೊಸ ರೋಗಿಗಳಲ್ಲಿ ನೂರಕ್ಕೆ 78 ಮಕ್ಕಳು ರಕ್ತ ಆಮ್ಲವಾದ ಮೇಲೆಯೇ ಆಸ್ಪತ್ರೆಗೆ ಬರುತ್ತಿದ್ದರು. ಕೆಲವು ವರ್ಷಗಳಲ್ಲಿ ಆ ಸಂಖ್ಯೆ 12.5ಕ್ಕೆ ಇಳಿಯಿತು. ನಮ್ಮಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದನ್ನು ಹಳಬರು ಮೊದಲಿನಿಂದಲೂ ಬಲ್ಲರು. ಮಗುವಿನ ಮೂತ್ರಕ್ಕೂ ಇರುವೆ ಮುತ್ತಬಹುದೆಂಬುದಷ್ಟೇ ಹೊಸದಾಗಿ ತಿಳಿಯಬೇಕಾದದ್ದು.

ಗುರುತು ಸಿಕ್ಕ ಮೇಲೆ ಎರಡನೆಯ ಗಂಡಾಂತರ ಬರುತ್ತದೆ, ಅದು ಸಂತೋಷದ ವೇಷದಲ್ಲಿ. ಇನ್ಸುಲಿನ್ ಆರಂಭಿಸಿದ ಕೆಲವು ವಾರಗಳಲ್ಲಿ, ಅಳಿದುಳಿದ ಜೀವಕೋಶಗಳು ವಿಶ್ರಾಂತಿ ಪಡೆದು ಮತ್ತೆ ಸ್ವಲ್ಪ ಕೆಲಸ ಮಾಡುತ್ತವೆ. ಸೂಜಿಯ ಪ್ರಮಾಣ ತೀರ ಕಡಿಮೆ ಸಾಕಾಗುತ್ತದೆ. ಮಗು ಮೈಕೈ ತುಂಬಿಕೊಳ್ಳುತ್ತದೆ. ಅದೇ ಹೊತ್ತಿಗೆ ಯಾರೋ ಹೇಳಿದ ಹಾಗಲಕಾಯಿ ರಸವೋ ಬೇರಿನ ಪುಡಿಯೋ ಕೊಟ್ಟಿದ್ದರೆ ಗುಣವೆಲ್ಲ ಅದರ ಪಾಲಾಗುತ್ತದೆ. ‘ಸೂಜಿ ಬಿಟ್ಟರೂ ನಡೆಯುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ತಿಂಗಳುಗಳು ಕಳೆದಂತೆ ಉಳಿದ ಜೀವಕೋಶಗಳೂ ಸಾಯುತ್ತವೆ, ಒಂದು ರಾತ್ರಿ ವಾಂತಿ ಆರಂಭವಾಗುತ್ತದೆ. ಹಾಗಲಕಾಯಿ ಪಲ್ಯ ಧಾರಾಳವಾಗಿ ಉಣ್ಣಲಿ; ಇನ್ಸುಲಿನ್ನಿನ ಜಾಗದಲ್ಲಿ ಅದು ಕೂಡದು. ಮಗು ಜ್ವರದಿಂದ ಊಟ ಬಿಟ್ಟ ದಿನವೂ ಸೂಜಿ ಪೂರ್ತಿ ನಿಲ್ಲಿಸಬಾರದು, ಪ್ರಮಾಣವನ್ನು ಮಾತ್ರ ಡಾಕ್ಟರರನ್ನು ಕೇಳಿ ಹೊಂದಿಸಬೇಕು.

ಹೆಣ್ಣುಮಕ್ಕಳ ಮಾತು ಇನ್ನೂ ಸೂಕ್ಷ್ಮ. ವರನ ಕಡೆಯವರಿಗೆ ಗೊತ್ತಾಗಬಾರದೆಂದು ಬೇನೆ ಮುಚ್ಚಿಟ್ಟು ಮದುವೆ ಮಾಡಿದರೆ, ಅತ್ತೆಯ ಮನೆಯಲ್ಲಿ ಆ ಹುಡುಗಿ ಸೂಜಿಯನ್ನು ಎಲ್ಲಿ ಇಡಬೇಕು, ಯಾವಾಗ ಚುಚ್ಚಿಕೊಳ್ಳಬೇಕು? ಒಂದೆರಡು ದಿನದ ತಪ್ಪೇ ಸಾಕು ಪ್ರಾಣಕ್ಕೆ ಬರಲು. ಮೊದಲೇ ಹೇಳಿ ಮಾಡುವ ಮದುವೆ ತಡವಾದರೂ ಆಗಲಿ.

ಇನ್ಸುಲಿನ್ ಕಾಪಾಡುವುದೂ ಒಂದು ಕೆಲಸ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಬರ್ಫದ ಖಾನೆಯಲ್ಲಿ ಅಲ್ಲ, ಹೆಪ್ಪುಗಟ್ಟಿದರೆ ಕೆಡುತ್ತದೆ. ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ಗೋವೆ, ಪುಣೆ, ಮಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳಿಗೆ ಫ್ರಿಜ್ಜು ಎಲ್ಲಿಂದ ಬರಬೇಕು? ಅಂಥಲ್ಲಿ ಮಣ್ಣಿನ ಗಡಿಗೆಯೇ ಆಧಾರ. ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ಉಸುಕನ್ನು ದಿನಕ್ಕೆರಡು ಸಲ ತೋಯಿಸಬೇಕು. ಬಾಟಲಿಯನ್ನು ನೀರು ತಾಗದಂತೆ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಬೇಕು. ಬಿಜಾಪುರದ ಬೇಸಿಗೆಯಂಥ ಒಣ ಬಿಸಿಲಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನೀರು ಆರುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದೇ ಗಡಿಗೆ ಅಷ್ಟು ತಂಪು ಕೊಡಲಾರದು. ಬಳಕೆಯಲ್ಲಿರುವ ಬಾಟಲಿಯನ್ನು ನಾಲ್ಕು ವಾರಗಳ ಮೇಲೆ ಇಟ್ಟುಕೊಳ್ಳಬಾರದು. ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡುವುದು ಒಳ್ಳೆಯದು.

ಬಾಗೇವಾಡಿಯಿಂದ ವಿಜಯಪುರ ನಲವತ್ತು ಚಿಲ್ಲರೆ ಕಿಲೋಮೀಟರು, ಇಂಡಿ ಸಿಂದಗಿಗಳಿಂದ ಐವತ್ತು ಅರವತ್ತು, ಮುದ್ದೇಬಿಹಾಳದಿಂದ ಎಂಬತ್ತರ ಸುಮಾರು. ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳೂ ಅಲ್ಲಿವೆ. ಆದರೆ ಆ ಒಂದು ಹನಿ ರಕ್ತದ ಪರೀಕ್ಷೆ ತಾಲೂಕಿನಲ್ಲಿಯೇ ಆಗುತ್ತದೆ. ಸಕ್ಕರೆ ಹೆಚ್ಚು ಕಂಡು, ಮಗು ವಾಂತಿ ಮಾಡುತ್ತಿದ್ದರೆ ಬೆಳಗಿನ ಬಸ್ಸಿಗೆ ಕಾಯಬಾರದು. 108ಕ್ಕೆ ಕರೆ ಮಾಡಿ ಆ ರಾತ್ರಿಯೇ ಹೊರಡಬೇಕು.