ಹೆದ್ದಾರಿಗೂ ಹೊಲದ ದಾರಿಗೂ ಒಂದೇ ಟೈರು: ಯಾವುದನ್ನು ಆರಿಸಬೇಕು?

ಕೂಕಟ್‌ಪಲ್ಲಿಯ ನಡುವೆ ಹಾಯ್ದು ಹೋಗುವ ಮುಂಬಯಿ ರಸ್ತೆಯೇ ನಮ್ಮಲ್ಲಿ ಬಹುಜನರಿಗೆ ಊರಿನ ದಾರಿ. ಪುಣೆಯಿಂದ ಮಚಲೀಪಟ್ಟಣದವರೆಗಿನ ಈ ರಾಷ್ಟ್ರೀಯ ಹೆದ್ದಾರಿಗೆ ಈಗಿನ ಸಂಖ್ಯೆ 65. ಹಳಬರ ಬಾಯಲ್ಲಿ ಇನ್ನೂ 9. ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ ದಾಟಿ ಜಹೀರಾಬಾದು ಮುಟ್ಟಿದರೆ ಬಲಕ್ಕೆ ಬೀದರ, ನೇರಕ್ಕೆ ಹುಮನಾಬಾದ. ಪಂಚಮಿಗೆಂದೋ ಎಳ್ಳಮಾವಾಸ್ಯೆಗೆಂದೋ ಬಸ್ಸಿನ ನೂಕುನುಗ್ಗಲು ಬೇಡವೆಂದು ಮನೆಯವರನ್ನು ಹಿಂದೆ ಕೂಡಿಸಿಕೊಂಡು ಮೋಟಾರ್ ಸೈಕಲ್ಲಿನ ಮೇಲೆಯೇ ಹೊರಡುವ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ನೂರೈವತ್ತರ ಹತ್ತಿರ ಕಿಲೋಮೀಟರು ಡಾಂಬರು. ಊರು ಸಮೀಪಿಸಿದ ಮೇಲೆ ನಾಲ್ಕೈದು ಕಿಲೋಮೀಟರು ಗರಸಿನ ರಸ್ತೆ, ಇಲ್ಲವೇ ಎರೆಮಣ್ಣಿನ ಬಂಡಿದಾರಿ. ಆದ್ದರಿಂದ ಟೈರು ಬದಲಿಸಲು ಅಂಗಡಿಗೆ ಹೋದಾಗ, "ಊರ ದಾರಿ ಕೆಟ್ಟಿದೆ, ದಪ್ಪ ಬಟನ್ನಿನ ಟೈರು ಕೊಡಿ" ಎಂದು ಕೇಳುವುದು ಸಹಜ. ಹಾಗೆ ಕೇಳುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಗಾಡಿ ಎಷ್ಟೇ ದೊಡ್ಡದಿರಲಿ, ಅದು ನೆಲಕ್ಕೆ ತಾಗುವುದು ಒಂದೊಂದು ಗಾಲಿಗೆ ಅಂಗೈಯಗಲದಷ್ಟು ರಬ್ಬರಿನಲ್ಲಿ ಮಾತ್ರ. ಓಡುವುದು, ಹೊರಳುವುದು, ನಿಲ್ಲುವುದು ಎಲ್ಲವೂ ಅಷ್ಟರಲ್ಲೇ ನಡೆಯಬೇಕು. ಡಾಂಬರಿನ ಮೇಲೆ ರಬ್ಬರು ಎಷ್ಟು ಹೆಚ್ಚು ತಾಗಿದರೆ ಅಷ್ಟು ಹಿಡಿತ. ನಡುವಿನ ಗೆರೆಗಳು ಇರುವುದು ಮಳೆಯ ನೀರನ್ನು ಪಕ್ಕಕ್ಕೆ ತಳ್ಳುವುದಕ್ಕಾಗಿ. ಸಡಿಲ ಮಣ್ಣಿನಲ್ಲಿ ಈ ನಿಯಮ ತಿರುಗುಮುರುಗು. ಅಲ್ಲಿ ಬಟನ್ನುಗಳು ಮಣ್ಣಿನೊಳಗೆ ಊರಿ, ನೇಗಿಲ ಕುಳದಂತೆ ಒದ್ದು ಗಾಡಿಯನ್ನು ಮುಂದೆ ದಬ್ಬಬೇಕು. ಅದಕ್ಕೆ ಬಟನ್ನು ಎತ್ತರವಿರಬೇಕು, ನಡುವೆ ಸಂದು ಅಗಲವಿರಬೇಕು. ಅದೇ ಟೈರು ಡಾಂಬರಿಗೆ ಬಂದರೆ ತಾಗುವ ರಬ್ಬರು ಕಡಿಮೆ. ಎತ್ತರದ ಬಟನ್ನುಗಳು ಬ್ರೇಕು ಹಾಕಿದಾಗ ಬಾಗುತ್ತವೆ, ತಿರುವಿನಲ್ಲಿ ಅಳ್ಳಾಡುತ್ತವೆ, ಸದ್ದು ಮಾಡುತ್ತವೆ, ಬೇಗ ಸವೆಯುತ್ತವೆ. ಒದ್ದೆ ರಸ್ತೆಯಲ್ಲಂತೂ ಕೊರತೆ ಎದ್ದು ಕಾಣುತ್ತದೆ.

ಇದನ್ನು ಲೆಕ್ಕದಿಂದ ನೋಡೋಣ. ನಮ್ಮಂಥ ಗುಮಾಸ್ತರಿಗೆ ಅದೇ ಸುಲಭ. ನಿಲ್ಲುವ ದೂರವು ವೇಗದ ವರ್ಗದಂತೆ ಬೆಳೆಯುತ್ತದೆ: ವೇಗ ಇಮ್ಮಡಿಯಾದರೆ ದೂರ ನಾಲ್ಮಡಿ. ರಬ್ಬರಿನ ಘರ್ಷಣಾಂಕ 0.7 ಎಂದು ಹಿಡಿದರೆ ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. 80ರ ವೇಗದಲ್ಲಿ 36 ಮೀಟರು ಬೇಕು. ಅದೇ 80ರಲ್ಲಿ ಹಿಡಿತ 0.5ಕ್ಕೆ ಇಳಿದರೆ 50 ಮೀಟರು. ಹದಿನಾಲ್ಕು ಮೀಟರಿನ ವ್ಯತ್ಯಾಸವೆಂದರೆ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವ ಹೊತ್ತು ಇದರಲ್ಲಿ ಸೇರಿಲ್ಲ. ಆ ಒಂದು ಸೆಕೆಂಡಿನಲ್ಲಿ ಗಾಡಿ ಬೇರೆ 22 ಮೀಟರು ಓಡಿರುತ್ತದೆ.

ಆದುದರಿಂದ ನನ್ನ ಅಭಿಪ್ರಾಯ ಹೀಗಿದೆ. ಹೊಲದ ದಾರಿಯಲ್ಲಿ ಹತ್ತು ಹದಿನೈದರ ವೇಗದಲ್ಲಿ ಜಾರಿದರೆ ಬಹುಮಟ್ಟಿಗೆ ಕೆಡುವುದು ಬಟ್ಟೆ. ಪಟಾನ್‌ಚೆರುವಿನ ಆಚೆ ಲಾರಿಗಳ ಸಾಲಿನಲ್ಲಿ ಎಂಬತ್ತರಲ್ಲಿ ಜಾರಿದರೆ ಪ್ರಾಣದ ಮಾತು. ಟೈರನ್ನು ಹೆದ್ದಾರಿಯನ್ನು ನೋಡಿ ಆರಿಸತಕ್ಕದ್ದು. ಹೊಲದ ದಾರಿಗೆ ಅದರಲ್ಲಿ ಸ್ವಲ್ಪ ಜಾಗ ಕೊಟ್ಟರೆ ಸಾಕು.

ಎರಡು ಬಗೆಯ ದಾರಿಗೂ ಆಗುವ ಟೈರುಗಳನ್ನು ಕೆಲವು ತಯಾರಕರು 80-20, 50-50 ಎಂದು ವಿಂಗಡಿಸುತ್ತಾರೆ. ಮೊದಲ ಅಂಕ ಡಾಂಬರಿಗೆ, ಎರಡನೆಯದು ಮಣ್ಣಿಗೆ. ನಮ್ಮ ಪ್ರಯಾಣಕ್ಕೆ 80-20ಕ್ಕಿಂತ ಆಚೆ ಹೋಗುವ ಕಾರಣ ಕಾಣುವುದಿಲ್ಲ. ಬಟನ್ನುಗಳು ತಗ್ಗಾಗಿ, ಒಂದಕ್ಕೊಂದು ಒತ್ತಾಗಿ, ನಟ್ಟನಡುವೆ ರಬ್ಬರು ಹೆಚ್ಚುಕಡಿಮೆ ಎಡೆಬಿಡದೆ ಸಾಗಿದ್ದು, ಅಂಚಿನ ಕಡೆಗೆ ಮಾತ್ರ ಸಂದು ಅಗಲವಾಗಿರುವುದನ್ನು ಕೇಳಬೇಕು. ಚಿಕ್ಕ ಗಾಡಿಗಳಲ್ಲಿ ಮುಂದಿನ ಟೈರಿಗೆ ಉದ್ದುದ್ದ ಗೆರೆ, ಹಿಂದಿನದಕ್ಕೆ ಬಟನ್ನು ಇರುವುದು ಅಂದಕ್ಕಲ್ಲ. ಮುಂದಿನ ಗಾಲಿ ದಾರಿ ತೋರಿಸುವುದು. ಉದ್ದ ಗೆರೆ ಅದನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುತ್ತದೆ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದೂ ಅದರ ಮೇಲೆಯೇ. ಹಿಂದಿನ ಗಾಲಿ ದಬ್ಬುವುದು. ಆದ ಕಾರಣ ಮಣ್ಣಿಗೆಂದು ಏನಾದರೂ ಬದಲಿಸುವುದಿದ್ದರೆ ಹಿಂದೆ ಬದಲಿಸಿ. ಮುಂದೆ ಎತ್ತರದ ಬಟನ್ನು ಬೇಡವೇ ಬೇಡ.

ಇನ್ನು ಎರೆಮಣ್ಣಿನ ಮಾತು. ಬೀದರ ಪೇಟೆಯ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ನೆಲ ಮಳೆಗೂ ಅಷ್ಟಾಗಿ ಮೋಸ ಮಾಡುವುದಿಲ್ಲ. ಭಾಲ್ಕಿ, ಕಲಬುರಗಿ ಕಡೆಯ ಎರೆನೆಲ ಹಾಗಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವಾಗ ಅದು ಬಿರಿದು ಕಲ್ಲಿನಂತಿರುತ್ತದೆ. ಯಾವ ಟೈರಾದರೂ ನಡೆದೀತು. ಶ್ರಾವಣದಲ್ಲಿ ಅದೇ ನೆಲ ನೀರು ಕುಡಿದು ಉಬ್ಬಿ, ಅಂಟಿನಂತಾಗಿ, ಬಟನ್ನುಗಳ ಸಂದನ್ನೆಲ್ಲ ತುಂಬಿಬಿಡುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಬಟನ್ ಟೈರೂ ಬೋಳು ಟೈರೂ ಒಂದೇ. ಮೇಲಾಗಿ ಮಣ್ಣು ಮಡ್‌ಗಾರ್ಡಿನೊಳಗೆ ಸಿಕ್ಕಿ ಗಾಲಿಯೇ ಕಟ್ಟಿಕೊಳ್ಳುತ್ತದೆ. ಅಗಲದ ಟೈರು ಹಾಕಿಸಿದವರಿಗೆ ಈ ಪೀಡೆ ಮೊದಲು. ಹಸಿ ಎರೆಮಣ್ಣಿಗೆ ನಮ್ಮ ಗಾಡಿಗಳಿಗೆ ಹೊಂದುವ ಟೈರು ಅಂಗಡಿಯಲ್ಲಿಲ್ಲ. ರಸ್ತೆಯ ಬದಿಯಲ್ಲಿ ಪರಿಚಯದವರ ಮನೆಯ ಮುಂದೆ ಗಾಡಿ ನಿಲ್ಲಿಸಿ ನಡೆದು ಹೋಗುವುದೇ ಉಪಾಯ. ಎತ್ತುಗಳೇ ಹಿಂಜರಿಯುವ ದಾರಿ ಅದು.

ಕೊಳ್ಳುವಾಗ ಟೈರಿನ ಪಕ್ಕದ ಬರಹವನ್ನು ಓದಲು ಸಂಕೋಚ ಬೇಡ. ಉದಾಹರಣೆಗೆ 80/100-18 47ಪಿ ಎಂದಿದ್ದರೆ ಅಗಲ 80 ಮಿಲಿಮೀಟರು, ಎತ್ತರ ಅಗಲದ ನೂರಕ್ಕೆ ನೂರು, ಗಾಲಿ 18 ಇಂಚು. 47 ಎಂಬುದು 175 ಕಿಲೋ ಭಾರದ ಸಂಕೇತ. ಪಿ ಎಂದರೆ 150ರ ವೇಗದವರೆಗೆ. ಗಾಡಿಯ ಪುಸ್ತಕದಲ್ಲಿರುವ ಅಳತೆಗೂ ಭಾರದ ಸಂಕೇತಕ್ಕೂ ಕಡಿಮೆಯದು ಕೂಡದು. ನಾಲ್ಕು ಅಂಕಿಗಳ ಇನ್ನೊಂದು ಗುರುತು ಹುಟ್ಟಿದ ವಾರ: 2223 ಎಂದಿದ್ದರೆ 2023ನೆಯ ಇಸವಿಯ 22ನೆಯ ವಾರ. ಐ.ಎಸ್.ಐ. ಗುರುತೂ, ತಿರುಗುವ ದಿಕ್ಕಿನ ಬಾಣವಿದ್ದರೆ ಅದೂ ನೋಡತಕ್ಕವು. ಯಾವ ಕಂಪನಿ ಎಂಬುದು ಇವುಗಳ ನಂತರದ ಪ್ರಶ್ನೆ. ನಮ್ಮ ದಾರಿಯ ಮೇಲೆಯೇ, ಸದಾಶಿವಪೇಟೆಯಲ್ಲಿ ಎಂ.ಆರ್.ಎಫ್. ಕಾರ್ಖಾನೆ ಇದೆ, ಮೈಸೂರಿನ ವಿಕ್ರಾಂತ್ ಕಾರ್ಖಾನೆ 1997ರಲ್ಲಿ ಜೆ.ಕೆ.ಯವರ ಕೈಸೇರಿತು. ಅಭಿಮಾನವಿರಲಿ, ಆದರೆ ಮೊದಲು ಅಳತೆ ಹೊಂದಲಿ.

ಸವೆದ ಟೈರಿಗೆ ಹೊಸದಾಗಿ ಗೆರೆ ಕೊರೆದು ಅಗ್ಗಕ್ಕೆ ಮಾರುವುದುಂಟು. ಕೊರೆದಷ್ಟೂ ಒಳಗಿನ ನೂಲಿಗೆ ಹತ್ತಿರವಾಗುತ್ತದೆ. ಪುಕ್ಕಟೆ ಕೊಟ್ಟರೂ ಬೇಡ. ಗೆರೆಗಳ ತಳದಲ್ಲಿರುವ ಪುಟ್ಟ ಉಬ್ಬು ಸವೆತದ ಗುರುತು. ದ್ವಿಚಕ್ರಗಳಿಗೆ ನಿಯಮದಂತೆ 0.8 ಮಿಲಿಮೀಟರಿಗಿಂತ ಕಡಿಮೆ ಆಳ ಉಳಿಯಬಾರದು, ಕಾರು-ಜೀಪುಗಳಿಗೆ 1.6. ಆದರೆ ಮೃಗಶಿರಾ ಮಳೆಗೆ ಮುಂಚೆ ಇಷ್ಟೇ ಉಳಿದಿದ್ದರೆ ನಿಯಮವನ್ನು ಕಾಯುತ್ತ ಕೂಡಬಾರದು.

ಜೀಪು, ಪಿಕಪ್ಪು ಓಡಿಸುವವರಿಗೆ ಅಂಗಡಿಯಲ್ಲಿ ಎಚ್.ಟಿ., ಎ.ಟಿ., ಎಂ.ಟಿ. ಎಂಬ ಮೂರು ಬಗೆ ತೋರಿಸುತ್ತಾರೆ: ಹೆದ್ದಾರಿಯದು, ಎಲ್ಲ ದಾರಿಯದು, ಬರಿಯ ರಾಡಿಯದು. ಬಾಡಿಗೆ ಹೊಡೆಯುವವರಿಗೆ ಮೊದಲನೆಯದು, ಹೊಲಕ್ಕೂ ಹೋಗುವವರಿಗೆ ಎರಡನೆಯದು. ಮೂರನೆಯದು ನಮ್ಮ ಕೆಲಸಕ್ಕಲ್ಲ.

ಹವಾದ ಬಗ್ಗೆ ಒಂದು ಮಾತು. ಮಣ್ಣಿನಲ್ಲಿ ಹಿಡಿತ ಬರಲೆಂದು ಹವಾ ಇಳಿಸುವ ಪದ್ಧತಿ ಇದೆ. ಇಳಿಸಿದವರು ಹಾಗೆಯೇ ಹೆದ್ದಾರಿಗೆ ಬಂದರೆ ಟೈರು ಮಡಚಿ ಮಡಚಿ ಕಾಯುತ್ತದೆ, ಕಡೆಗೆ ಒಡೆಯುತ್ತದೆ. ಟ್ಯೂಬಿನ ಟೈರಾದರೆ ವಾಲ್ವಿನ ಬುಡವೇ ಹರಿಯುತ್ತದೆ. ಊರಿನಲ್ಲಿ ಹವಾ ತುಂಬುವ ಅಂಗಡಿ ಇಲ್ಲದವರು ಇಳಿಸುವ ಗೋಜಿಗೇ ಹೋಗಬಾರದು. ಹಿಂದೆ ಜನ ಕೂತಾಗ ಹಿಂದಿನ ಗಾಲಿಗೆ ಹೆಚ್ಚು ಹವಾ ಬೇಕು; ಎಷ್ಟೆಂಬುದು ಗಾಡಿಯ ಪುಸ್ತಕದಲ್ಲಿ ಬೇರೆಯಾಗಿಯೇ ಬರೆದಿರುತ್ತದೆ. ಹೊರಡುವ ಮುನ್ನ, ಗಾಲಿ ಇನ್ನೂ ತಣ್ಣಗಿರುವಾಗಲೇ ಅಳೆಸಿ. ಹೊಸ ಟೈರಿನ ಮೈ ಮೊದಲ ನೂರು ನೂರೈವತ್ತು ಕಿಲೋಮೀಟರು ನುಣುಪಾಗಿರುತ್ತದೆ. ಆದುದರಿಂದ ಹಬ್ಬದ ಮುನ್ನಾದಿನ ಹಾಕಿಸದೆ, ಎರಡು ವಾರ ಮೊದಲೇ ಹಾಕಿಸಿ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಪಳಗಿಸಿಕೊಳ್ಳಿ.