ಶ್ವಾಸರೋಗದಲ್ಲಿ ಕಿಶೋರರ ಪಥ್ಯವಿಚಾರ

ಶ್ವಾಸರೋಗಕ್ಕೆ ಕನ್ನಡದಲ್ಲಿ ಗೂರಲು, ಉಬ್ಬಸ, ದಮ್ಮು ಎಂಬ ಹೆಸರುಗಳು ರೂಢಿಯಲ್ಲಿವೆ. ಇವುಗಳಲ್ಲಿ ದಮ್ಮು ಪಾರಸಿಯಿಂದ ಬಂದುದು. ಉಬ್ಬಸವು ಹಳೆಯ ಕಾವ್ಯಗಳಲ್ಲಿ ಆಯಾಸ, ಸಂಕಟ ಎಂಬ ಅರ್ಥದಲ್ಲಿಯೂ ಪ್ರಯುಕ್ತವಾಗಿದೆ. ಹೆಸರು ಯಾವುದೇ ಇರಲಿ, ಹದಿಮೂರು ಹದಿನಾಲ್ಕು ವರುಷದ ಹುಡುಗನಿಗೆ ಈ ರೋಗವು ತಲೆದೋರಿತೆಂದರೆ, ಅನೇಕ ಮನೆಗಳಲ್ಲಿ ಮೊದಲು ನಡೆಯುವ ಕಾರ್ಯವೆಂದರೆ ಅವನ ಎಲೆಯಿಂದ ಹಾಲು, ಮೊಸರು, ಹಣ್ಣುಗಳನ್ನು ತೆಗೆದುಬಿಡುವುದು. “ಕಫಕರ” ಎಂಬ ಒಂದು ಮಾತೇ ಇದಕ್ಕೆ ಆಧಾರ. ನಾಲ್ಕು ದಿನದ ಪಥ್ಯವಾದರೆ ಚಿಂತೆಯಿಲ್ಲ. ಆದರೆ ಬೆಳೆಯುವ ವಯಸ್ಸಿನಲ್ಲಿ ಈ ನಿಷೇಧವು ವರುಷಗಟ್ಟಲೆ ನಡೆಯುವುದುಂಟು. ಇದು ನಿಜವಾಗಿಯೂ ಶಾಸ್ತ್ರದ ಅಭಿಪ್ರಾಯವೇ ಎಂಬುದು ವಿಚಾರಣೀಯವಾಗಿದೆ.

ಮೊದಲು ವಯೋವಿಭಾಗವನ್ನು ನೋಡಬೇಕು. ಲೋಕದಲ್ಲಿ ಐದು ವರುಷದವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ ಎಂಬ ಗಣನೆಯು ಪ್ರಸಿದ್ಧವಾಗಿದೆ. ವೈದ್ಯಶಾಸ್ತ್ರವು ಈ ವಿಭಾಗವನ್ನು ಅನುಸರಿಸುವುದಿಲ್ಲ. ಚರಕ ಸುಶ್ರುತರಿಬ್ಬರ ಸಂಹಿತೆಗಳಲ್ಲಿಯೂ ಹದಿನಾರು ವರುಷದವರೆಗಿನ ಅವಸ್ಥೆಯು ಬಾಲ್ಯವೇ. ಈ ವಯಸ್ಸಿನಲ್ಲಿ ಶ್ಲೇಷ್ಮವು ಅಧಿಕವೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ. ಮನೆಮಂದಿಯ ಅಂಜಿಕೆಗೆ ಇದೇ ಮೂಲವಾಗಿರಬಹುದು. ಆದರೆ ಅದೇ ಮಾತಿನಲ್ಲಿ, ಈ ವಯಸ್ಸಿನವರ ಧಾತುಗಳು ಇನ್ನೂ ಪಕ್ವವಾಗಿಲ್ಲ, ಬಲವು ಪೂರ್ಣವಾಗಿಲ್ಲ, ಇವರು ಕ್ಲೇಶವನ್ನು ಸಹಿಸಲಾರರು ಎಂದೂ ಹೇಳಿದೆ. ಶ್ಲೇಷ್ಮಾಧಿಕ್ಯವನ್ನು ಮಾತ್ರ ಹಿಡಿದು ಉಳಿದುದನ್ನು ಬಿಡುವುದು ನ್ಯಾಯವಲ್ಲ.

ಉಸಿರಿಗೂ ಅನ್ನಕ್ಕೂ ಸಂಬಂಧವೇನು? ಪ್ರಾಣವಹಸ್ರೋತಸ್ಸುಗಳಿಗೆ ಹೃದಯವೂ ಮಹಾಸ್ರೋತಸ್ಸೂ ಮೂಲವೆಂದು ಚರಕಮತ. ಮಹಾಸ್ರೋತಸ್ಸೆಂದರೆ ಅನ್ನವು ಸಾಗುವ ಕೋಷ್ಠಮಾರ್ಗ. ಹಿಕ್ಕಾಶ್ವಾಸಗಳೆರಡೂ ಕಫವಾತಾತ್ಮಕಗಳಾಗಿದ್ದು ಪಿತ್ತಸ್ಥಾನದಿಂದ ಹುಟ್ಟುವುವೆಂದು ಚಿಕಿತ್ಸಾಸ್ಥಾನದ ಹದಿನೇಳನೆಯ ಅಧ್ಯಾಯವು ಹೇಳುತ್ತದೆ. ಆದುದರಿಂದ ಶ್ವಾಸದಲ್ಲಿ ಆಹಾರವಿಚಾರವು ಮುಖ್ಯವೆಂಬುದರಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ನಿಷೇಧದ ವ್ಯಾಪ್ತಿಯಲ್ಲಿ.

ಆ ಅಧ್ಯಾಯದ ನಿದಾನಭಾಗದಲ್ಲಿ ಮೂರು ಬಗೆಯ ಕಾರಣಗಳು ಬಂದಿವೆ. ಧೂಳು, ಹೊಗೆ, ಗಾಳಿ, ಶೀತಸ್ಥಾನ, ತಣ್ಣೀರು, ಇವು ಒಂದು ಬಗೆ. ಅವರೆ, ಉದ್ದು, ಎಳ್ಳಿನ ಹಿಂಡಿ, ಎಳ್ಳೆಣ್ಣೆ, ಹಿಟ್ಟಿನ ತಿನಿಸು, ಗುರುವೂ ವಿದಾಹಿಯೂ ಆದ ಭೋಜನ, ಜಲಚರಗಳ ಮತ್ತು ಅನೂಪದೇಶದ ಪ್ರಾಣಿಗಳ ಮಾಂಸ, ಮೊಸರು, ಆಮಕ್ಷೀರ, ಇವು ಎರಡನೆಯದು. ಇಲ್ಲಿ ‘ಕ್ಷೀರ’ವೆಂದಿಲ್ಲ, ‘ಆಮಕ್ಷೀರ’ವೆಂದಿದೆ ಎಂಬುದನ್ನು ಗಮನಿಸಬೇಕು, ಎಂದರೆ ಕಾಯಿಸದ ಹಾಲು. ಹಣ್ಣುಗಳ ಹೆಸರೇ ಇಲ್ಲಿ ಬಂದಿಲ್ಲ. ಮೂರನೆಯ ಬಗೆಯು ಸಾಮಾನ್ಯವಾಗಿ ಮರೆತುಹೋಗುವಂಥದು: ರೂಕ್ಷಾನ್ನ, ವಿಷಮಾಶನ, ದೌರ್ಬಲ್ಯ, ಅತಿಯಾದ ಅಪತರ್ಪಣ. ಎಂದರೆ ಹೊಟ್ಟೆಗೆ ಸಾಲದಂತೆ ಉಣ್ಣಿಸುವುದೂ ಶ್ವಾಸಕ್ಕೆ ಕಾರಣ. ಹಸಿದವನ ವ್ಯಾಯಾಮವು ಪ್ರಾಣವಹಸ್ರೋತಸ್ಸುಗಳನ್ನು ಕೆಡಿಸುವುದೆಂದು ವಿಮಾನಸ್ಥಾನವೂ ಹೇಳುತ್ತದೆ. ಬರಿಹೊಟ್ಟೆಯಲ್ಲಿ ಆಟದ ಬಯಲಿಗೆ ಓಡುವ ಹುಡುಗರ ವಿಷಯದಲ್ಲಿ ಇದು ನೆನೆಯತಕ್ಕ ಮಾತು.

‘ಶ್ಲೇಷ್ಮಲ’ವಾದುದೆಲ್ಲವೂ ಕಾರಣವೆಂಬ ಸಾಮಾನ್ಯವಚನವೂ ಅಲ್ಲಿದೆಯಲ್ಲ, ಅದರಿಂದಲೇ ಹಾಲು ಹಣ್ಣುಗಳೂ ನಿಷಿದ್ಧವಾಗವೇ ಎಂದು ಶಂಕಿಸಬಹುದು. ಇದಕ್ಕೆ ಸಮಾಧಾನವು ಚಿಕಿತ್ಸಾಭಾಗದಲ್ಲಿಯೇ ದೊರೆಯುತ್ತದೆ. ರೋಗಿಗಳಲ್ಲಿ ಬಲಾಧಿಕ, ದುರ್ಬಲ, ಕಫಾಧಿಕ, ವಾತಾಧಿಕ ಎಂದು ಭೇದಮಾಡಿ, ಕಫಾಧಿಕನಾದ ಬಲಶಾಲಿಗೆ ಶೋಧನವನ್ನು ಹೇಳಿ, ದುರ್ಬಲರು, ಬಾಲರು, ವೃದ್ಧರು ಇವರನ್ನು ಸ್ನೇಹ, ಯೂಷ, ರಸಾದಿಗಳಿಂದ ತರ್ಪಣಗೊಳಿಸಬೇಕೆಂದೇ ಅಲ್ಲಿ ವಿಧಿಸಿದೆ. ಅಷ್ಟೇ ಅಲ್ಲ, ಶ್ವಾಸದಲ್ಲಿ ಬೃಂಹಣದಿಂದ ಅಪಾಯವೊದಗಿದರೂ ಅದು ಅಲ್ಪ, ಪರಿಹರಿಸಲು ಶಕ್ಯ, ಕರ್ಶನದಿಂದ, ಎಂದರೆ ದೇಹವನ್ನು ಕೃಶಗೊಳಿಸುವುದರಿಂದ ಒದಗುವ ಅಪಾಯವಾದರೋ ಮಹತ್ತು, ಅಶಕ್ಯ ಎಂಬುದು ಅಲ್ಲಿಯ ಸಿದ್ಧಾಂತ. ಹದಿನಾರರವರೆಗೆ ಬಾಲ್ಯವೆಂದ ಮೇಲೆ ಕಿಶೋರನೂ ಈ ವಿಧಿಯ ಒಳಗೇ ಬಂದನು. ಸಾಮಾನ್ಯನಿಷೇಧಕ್ಕಿಂತ ವಿಶೇಷವಿಧಿಯು ಬಲವತ್ತರವೆಂಬ ನ್ಯಾಯವು ಇಲ್ಲಿಯೂ ಸಲ್ಲುತ್ತದೆ.

ಮೊಸರಿನ ವಿಷಯದಲ್ಲಿಯೂ ಶಾಸ್ತ್ರದ ನಿಲುವು ನಿಯಮವೇ ಹೊರತು ಬಹಿಷ್ಕಾರವಲ್ಲ. ಇರುಳಲ್ಲಿ ಬೇಡ, ಬಿಸಿಮಾಡಿ ಬೇಡ, ತುಪ್ಪ ಸಕ್ಕರೆ, ಹೆಸರಿನ ಕಟ್ಟು, ಜೇನು, ನೆಲ್ಲಿಕಾಯಿ ಮೊದಲಾದವುಗಳೊಡನೆ ಕೊಳ್ಳಬೇಕು ಎಂದು ಸೂತ್ರಸ್ಥಾನದಲ್ಲಿ ಹೇಳಿದೆ. ಇನ್ನು ಹಣ್ಣುಗಳು. ಕಾಸಶ್ವಾಸಹರವೆಂದೂ ಬಾಲರ ಅಂಗವರ್ಧನವೆಂದೂ ಚರಕನು ಹೊಗಳಿದ ಚ್ಯವನಪ್ರಾಶಕ್ಕೆ ಐನೂರು ನೆಲ್ಲಿಕಾಯಿಗಳೇ ಮುಖ್ಯದ್ರವ್ಯ. ಮಾಂಸರಸವಿಲ್ಲದೆ ಬೃಂಹಣವು ಹೇಗೆಂದು ಕೇಳುವವರಿಗೆ ಕನ್ನಡದಲ್ಲಿಯೇ ಉತ್ತರವುಂಟು: ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ನಿರೂಪಿಸಿದೆ.

ಈಚಿನ ಪರೀಕ್ಷೆಗಳು ಏನೆನ್ನುತ್ತವೆ? ೧೯೯೮–೯೯ರಲ್ಲಿ ಅಮೆರಿಕ, ಕೆನಡಾ ದೇಶಗಳ ೧೨ ಊರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಹಣ್ಣನ್ನು ಬಹು ಕಡಮೆ ತಿನ್ನುವವರಲ್ಲಿ ಉಸಿರಿನ ಬಲವು ಕುಂದಿದ್ದುದು ಕಂಡುಬಂದಿತು. ೨೦೧೩ರಲ್ಲಿ ಪ್ರಕಟವಾದ ಬೃಹತ್ತಾದ ಒಂದು ಅಂತರರಾಷ್ಟ್ರೀಯ ಪರಿಶೀಲನೆಯಲ್ಲಿ ೫೧ ದೇಶಗಳ ೧೩–೧೪ ವರುಷದ ಮೂರು ಲಕ್ಷಕ್ಕೂ ಮಿಕ್ಕಿದ ಮಕ್ಕಳ ಆಹಾರವನ್ನು ವಿಚಾರಿಸಲಾಗಿತ್ತು. ವಾರಕ್ಕೆ ಮೂರು ಬಾರಿಯೋ ಹೆಚ್ಚಾಗಿಯೋ ಅಂಗಡಿಯ ದಿಢೀರ್ ತಿನಿಸುಗಳನ್ನು ತಿನ್ನುವವರಲ್ಲಿ ತೀವ್ರ ಆಸ್ತಮಾ ಸಂಭವವು ನೂರಕ್ಕೆ ೩೯ರಷ್ಟು ಹೆಚ್ಚಾಗಿಯೂ, ಅಷ್ಟೇ ಬಾರಿ ಹಣ್ಣು ತಿನ್ನುವವರಲ್ಲಿ ನೂರಕ್ಕೆ ೧೧ರಷ್ಟು ಕಡಮೆಯಾಗಿಯೂ ಇದ್ದಿತು. ಹಾಲಿನ ಸೇವನೆಗೂ ನೆಗಡಿಯಲ್ಲಿ ಸುರಿಯುವ ಸಿಂಬಳದ ಪ್ರಮಾಣಕ್ಕೂ ಸಂಬಂಧವಿಲ್ಲವೆಂದು ೧೯೯೦ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪ್ರಯೋಗವು ತೋರಿಸಿತು. ಅದು ವಯಸ್ಕರನ್ನು ಕುರಿತುದು. ಇಂಥ ಸಾಹಚರ್ಯಮಾತ್ರದಿಂದ ಕಾರ್ಯಕಾರಣಭಾವವು ಸಿದ್ಧಿಸದು. ಕಫವೂ ಸಿಂಬಳವೂ ಒಂದೇ ಪದಾರ್ಥವಲ್ಲ. ಆದರೂ ಹಣ್ಣನ್ನು ನಿಷೇಧಿಸುವ ಪಕ್ಷಕ್ಕೆ ಪ್ರಾಚೀನರಿಂದಲೂ ಆಧುನಿಕರಿಂದಲೂ ಬೆಂಬಲವಿಲ್ಲವೆಂಬುದು ಸ್ಪಷ್ಟ.

ಒಬ್ಬೊಬ್ಬನಿಗೆ ಒಂದೊಂದು ವಸ್ತುವು ಒಗ್ಗದಿರಬಹುದು. ಪರೀಕ್ಷಿಸಿ ನಿರ್ಣಯಿಸಿದ ಮೇಲೆ ಅದನ್ನು ಅವನು ಬಿಡತಕ್ಕದ್ದೇ. ಆಹಾರವು ಔಷಧಕ್ಕೆ ಪ್ರತಿನಿಧಿಯೂ ಅಲ್ಲ. ವೈದ್ಯರು ವಿಧಿಸಿದ ಉಸಿರ್ಮದ್ದನ್ನು ಪಥ್ಯದ ನಂಬಿಕೆಯಿಂದ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ತಮಕಶ್ವಾಸವು ಯಾಪ್ಯವೆನಿಸಿದರೂ ಹೊಸದಾಗಿದ್ದಾಗ ಸಾಧ್ಯವೆಂದು ಚರಕನ ಮಾತುಂಟು. ಶ್ವಾಸಕೋಶವು ಇನ್ನೂ ಬೆಳೆಯುತ್ತಿರುವ ಆ ಕೆಲವೇ ವರುಷಗಳಲ್ಲಿ ಹುಡುಗನನ್ನು ಕೃಶಗೊಳಿಸಿ, ಅದನ್ನು ಶಾಸ್ತ್ರವೆಂದು ಕರೆಯುವುದು ಶಾಸ್ತ್ರಕ್ಕೆ ಎಸಗುವ ಅಪಚಾರವೇ ಸರಿ.