ಅಮೆರಿಕದಲ್ಲಿ ಗೂಗಲ್ ಫೈಬರ್ ಎಲ್ಲ ಊರಿಗೂ ಏಕೆ ತಲುಪಲಿಲ್ಲ?

ಅಮೆರಿಕದಲ್ಲಿ ಮಕ್ಕಳೋ ನೆಂಟರೋ ಇರುವವರ ಮನೆಯಲ್ಲಿ ಈ ಮಾತು ಕೇಳಿರುತ್ತೀರಿ: "ಅಷ್ಟು ಮುಂದುವರಿದ ದೇಶ, ಆದರೂ ಎಷ್ಟೋ ಕಡೆ ವೇಗದ ಇಂಟರ್ನೆಟ್ ಬೇಕೆಂದರೆ ಒಂದೇ ಕೇಬಲ್ ಕಂಪನಿ. ಗೂಗಲ್‌ನಂಥ ಶ್ರೀಮಂತ ಕಂಪನಿ ಮನಸ್ಸು ಮಾಡಿದರೆ ದೇಶಕ್ಕೆಲ್ಲ ಫೈಬರ್ ಹಾಕಬಹುದಲ್ಲ?"

ಗೂಗಲ್ ನಿಜವಾಗಿಯೂ ಮನಸ್ಸು ಮಾಡಿತ್ತು. 2010ರಲ್ಲಿ ಅದು ಫೈಬರ್ ಯೋಜನೆ ಪ್ರಕಟಿಸಿದಾಗ 1,100ಕ್ಕೂ ಹೆಚ್ಚು ಊರುಗಳು ಅರ್ಜಿ ಹಾಕಿದವು. ಕಾನ್ಸಾಸ್ ರಾಜ್ಯದ ಟೊಪೀಕಾ ನಗರವಂತೂ ಒಂದು ತಿಂಗಳ ಮಟ್ಟಿಗೆ ತನ್ನ ಹೆಸರನ್ನೇ 'ಗೂಗಲ್' ಎಂದು ಬದಲಿಸಿಕೊಂಡಿತು! 2012ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇವೆ ಶುರುವಾಯಿತು. ಆದರೆ 2016ರಲ್ಲಿ ಹಲವು ಹೊಸ ಊರುಗಳ ಯೋಜನೆಯನ್ನು ಕಂಪನಿ ತಡೆಹಿಡಿಯಿತು. ಏಕೆ?

ಗಾಜಿನ ಎಳೆ ಅಷ್ಟು ದುಬಾರಿಯೇ?

ಇಲ್ಲ. ಫೈಬರ್ ಎಂದರೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಮಾಹಿತಿ ಅದರೊಳಗೆ ಬೆಳಕಾಗಿ ಓಡುತ್ತದೆ. ಖರ್ಚಿನ ದೊಡ್ಡ ಪಾಲು ಈ ಎಳೆಗೆ ಹೋಗುವುದಿಲ್ಲ. ರಸ್ತೆ ಅಗೆಯಲು, ಪೈಪು ಹೂಳಲು, ಮತ್ತೆ ಮುಚ್ಚಲು, ಅನುಮತಿ ಪಡೆಯಲು ಹೋಗುತ್ತದೆ.

ಕಂಬದ ಮೇಲೆ ಎಳೆಯೋಣವೆಂದರೆ ಅಲ್ಲಿ ಫೋನ್ ಮತ್ತು ಕೇಬಲ್ ಕಂಪನಿಗಳ ತಂತಿಗಳು ಮೊದಲೇ ಇವೆ. ಹೊಸ ತಂತಿಗೆ ಜಾಗವಾಗಲು ಹಳೆಯ ಕಂಪನಿಗಳು ಒಂದಾದ ಮೇಲೊಂದು ಬಂದು ತಮ್ಮ ತಮ್ಮ ತಂತಿ ಸರಿಸಬೇಕಿತ್ತು. ಎದುರಾಳಿಗೆ ದಾರಿ ಬಿಟ್ಟುಕೊಡಲು ಯಾರಿಗೆ ಅವಸರ? 2018ರಲ್ಲಷ್ಟೇ ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ಸರಳ ಕೆಲಸಗಳಿದ್ದಲ್ಲಿ ಒಂದೇ ತಂಡ ಎಲ್ಲ ತಂತಿಗಳನ್ನೂ ಒಂದೇ ಸಲಕ್ಕೆ ಸರಿಸಬಹುದೆಂಬ ನಿಯಮ ತಂದಿತು.

ಕಡಿಮೆ ಆಳಕ್ಕೆ ಅಗೆದು ದುಡ್ಡು ಉಳಿಸಬಹುದೇ? ಕೆಂಟಕಿಯ ಲೂಯಿವಿಲ್‌ನಲ್ಲಿ ಗೂಗಲ್ ಇದನ್ನೂ ಮಾಡಿ ನೋಡಿತು. ಕೆಲವೇ ಇಂಚು ಆಳದ ಸೀಳಿನಲ್ಲಿ ಕೂರಿಸಿದ ಫೈಬರ್ ರಸ್ತೆಯಿಂದ ಮೇಲೆದ್ದು ಬಂತು. 2019ರಲ್ಲಿ ಕಂಪನಿ ಆ ಊರನ್ನೇ ಬಿಟ್ಟಿತು; ರಸ್ತೆ ಸರಿಪಡಿಸಲು ನಗರಕ್ಕೆ 38.4 ಲಕ್ಷ ಡಾಲರ್ ಕೊಡಲು ಒಪ್ಪಿತು.

ನೂರು ಮನೆಯ ಲೆಕ್ಕ

ಅಸಲಿ ಕಷ್ಟ ತಿಳಿಯಲು ಒಂದು ಲೆಕ್ಕ ಮಾಡೋಣ. ಸುಲಭವಾಗಲೆಂದು ಇಲ್ಲಿ ಊಹೆಯ ಅಂಕಿಗಳನ್ನು ತೆಗೆದುಕೊಂಡಿದ್ದೇವೆ.

ಒಂದು ಬೀದಿಯಲ್ಲಿ 100 ಮನೆಗಳಿವೆ. ಪ್ರತಿ ಮನೆಯ ಮುಂದೆ ಫೈಬರ್ ಹಾಯಿಸಲು 1,000 ಡಾಲರ್, ಅಂದರೆ ಒಟ್ಟು 1 ಲಕ್ಷ ಡಾಲರ್. ಸಂಪರ್ಕ ಪಡೆಯುವ ಮನೆಗೆ ಒಳಗಿನ ಕೆಲಸ, ಪೆಟ್ಟಿಗೆ ಸೇರಿ ಇನ್ನೂ 700 ಡಾಲರ್. ದಿನನಿತ್ಯದ ಖರ್ಚು ಕಳೆದು ಒಬ್ಬ ಗ್ರಾಹಕರಿಂದ ತಿಂಗಳಿಗೆ 30 ಡಾಲರ್ ಉಳಿಯುತ್ತದೆ ಎಂದುಕೊಳ್ಳಿ.

20 ಮನೆಗಳು ಸೇರಿದರೆ: ಒಂದು ಮನೆಯ ಮೇಲೆ ಬೀಳುವ ಹೊರೆ 5,700 ಡಾಲರ್. ಹಾಕಿದ ದುಡ್ಡು ಮರಳಲು ಸುಮಾರು 16 ವರ್ಷ.

40 ಮನೆಗಳು ಸೇರಿದರೆ: ಹೊರೆ 3,200 ಡಾಲರ್. ಮರಳಲು ಸುಮಾರು 9 ವರ್ಷ.

ಸಾಲದ ಬಡ್ಡಿಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಬೀದಿ ಅದೇ, ಫೈಬರ್ ಅದೇ, ಅಗೆತವೂ ಅದೇ. ಬದಲಾದದ್ದು ಎಷ್ಟು ಮನೆಯವರು 'ನಮಗೂ ಬೇಕು' ಎಂದರು ಎಂಬುದೊಂದೇ. ಖರ್ಚು ಬೀದಿಯ ಎಲ್ಲ ಮನೆಗಳ ಲೆಕ್ಕದಲ್ಲಿ ಆಗುತ್ತದೆ, ಆದಾಯ ಸೇರಿದ ಮನೆಗಳಿಂದ ಮಾತ್ರ ಬರುತ್ತದೆ.

ಕೇಬಲ್ ಕಂಪನಿ ಸುಮ್ಮನಿರುತ್ತದೆಯೇ?

ಅದರ ತಂತಿಗಳಲ್ಲಿ ಬಹುಪಾಲು ಟಿವಿ ಕಾಲದಲ್ಲೇ ಹಾಕಿದ್ದು. ಮಣ್ಣಿನಡಿಯ ದೊಡ್ಡ ಖರ್ಚು ಎಂದೋ ಮುಗಿದಿದೆ. ವೇಗ ಹೆಚ್ಚಿಸಲು ಎಲ್ಲ ಬೀದಿಗಳನ್ನೂ ಮತ್ತೆ ಅಗೆಯಬೇಕಿಲ್ಲ. ಬಹುಮಟ್ಟಿಗೆ ಎರಡು ತುದಿಯ ಉಪಕರಣ ಬದಲಿಸಿದರೆ ಸಾಕು. 2013ರಲ್ಲಿ ಬಂದ ಡಾಕ್ಸಿಸ್ 3.1 ಎಂಬ ತಂತ್ರಜ್ಞಾನದಿಂದ ಹಳೆಯ ಕೇಬಲ್‌ನಲ್ಲೇ ಗಿಗಾಬಿಟ್ ಡೌನ್‌ಲೋಡ್ ಸಾಧ್ಯವಾಯಿತು. ಅಪ್‌ಲೋಡ್‌ನಲ್ಲಿ ಮಾತ್ರ ಫೈಬರ್‌ನದೇ ಮೇಲುಗೈ.

ಹಾಗಾಗಿ ಹೊಸಬರು ಬಂದ ಕೂಡಲೇ ಹಳಬರು ದರ ಇಳಿಸಬಲ್ಲರು, ವೇಗ ಏರಿಸಬಲ್ಲರು. ಜನರಿಗೆ ಇದು ಲಾಭ. ಆದರೆ "ಇದ್ದದ್ದೇ ಅಗ್ಗವಾಯಿತಲ್ಲ" ಎಂದು ಜನ ಅಲ್ಲೇ ಉಳಿದರೆ, ದರ ಇಳಿಯಲು ಕಾರಣವಾದ ಹೊಸ ಕಂಪನಿಗೇ ಗ್ರಾಹಕರು ಸಾಲುವುದಿಲ್ಲ.

ಫೋನ್ ಕಂಪನಿ ವೆರಿಜಾನ್‌ಗೆ ಸ್ವಂತ ಕಂಬಗಳೂ ಹಳೆಯ ಗ್ರಾಹಕರೂ ಇದ್ದರು. ಆದರೂ ಅದರ 'ಫಿಯೋಸ್' ಫೈಬರ್ ಯೋಜನೆಯ ಅಂದಾಜು ಸುಮಾರು 1.8 ಕೋಟಿ ಮನೆಗಳಿಗೆ 2,300 ಕೋಟಿ ಡಾಲರ್. 2010ರ ಹೊತ್ತಿಗೆ ಹೊಸ ಊರುಗಳಿಗೆ ಹೋಗುವುದನ್ನು ಅದು ನಿಲ್ಲಿಸಿತು.

ಹಾಗಾದರೆ ಗೆಲ್ಲುವ ದಾರಿ ಇಲ್ಲವೇ?

ಇದೆ. ಮೊದಲನೆಯದು, ಗ್ರಾಹಕರನ್ನು ಮೊದಲು ಎಣಿಸಿ ಆಮೇಲೆ ಅಗೆಯುವುದು. ಕಾನ್ಸಾಸ್ ಸಿಟಿಯಲ್ಲಿ ಗೂಗಲ್ ಊರನ್ನು ಚಿಕ್ಕ ಬಡಾವಣೆಗಳಾಗಿ ವಿಂಗಡಿಸಿ, 10 ಡಾಲರ್ ಕಟ್ಟಿ ಹೆಸರು ನೋಂದಾಯಿಸಲು ಹೇಳಿತು. ಸಾಕಷ್ಟು ಹೆಸರು ಬಂದ ಬಡಾವಣೆಗೆ ಮಾತ್ರ ಫೈಬರ್. ಇದರಿಂದ ಖರ್ಚು ಹತೋಟಿಗೆ ಬಂತು, ಆದರೆ ಬಡವರ ಬಡಾವಣೆಗಳು ಹಿಂದೆ ಬೀಳುವ ಭಯವೂ ಎದ್ದಿತು.

ಆಗ ಅಲ್ಲಿ 'ಉಚಿತ ಇಂಟರ್ನೆಟ್' ಕೂಡ ಇತ್ತು. ಮಾಸಿಕ ಶುಲ್ಕವಿಲ್ಲದೆ ಕನಿಷ್ಠ 7 ವರ್ಷ 5 ಎಂಬಿಪಿಎಸ್ ವೇಗ. ಆದರೆ ತಂತಿ ಎಳೆಯಲು 300 ಡಾಲರ್ ಕಟ್ಟಬೇಕಿತ್ತು. 84 ತಿಂಗಳಿಗೆ ಹಂಚಿದರೆ ತಿಂಗಳಿಗೆ ಮೂರೂವರೆ ಡಾಲರ್. ಅಗ್ಗ ನಿಜ, ಪುಕ್ಕಟೆ ಅಲ್ಲ.

ಎರಡನೆಯದು, ಒಂದೇ ಫೈಬರ್‌ಗೆ ಎರಡು ಕೆಲಸ. ಟೆನೆಸ್ಸೀಯ ಚಾಟನೂಗಾದಲ್ಲಿ ನಗರದ ವಿದ್ಯುತ್ ಸಂಸ್ಥೆ ಇಪಿಬಿ 2010ರಲ್ಲೇ ತನ್ನ ಇಡೀ ಪ್ರದೇಶಕ್ಕೆ ಗಿಗಾಬಿಟ್ ಇಂಟರ್ನೆಟ್ ಕೊಟ್ಟಿತು. ಕಂಬಗಳು ಅದರದ್ದೇ. ಕರೆಂಟು ಹೋದ ಕಡೆ ತಾನಾಗಿ ಬೇರೆ ದಾರಿಯಿಂದ ಹರಿಸುವ ಸ್ಮಾರ್ಟ್ ಗ್ರಿಡ್‌ಗೂ ಅದೇ ಫೈಬರ್ ಬಳಕೆಯಾಯಿತು. ಆ ಗ್ರಿಡ್‌ಗೆ ಕೇಂದ್ರ ಸರ್ಕಾರದ 11 ಕೋಟಿ ಡಾಲರ್‌ಗೂ ಹೆಚ್ಚಿನ ನೆರವು ಸಿಕ್ಕಿತು. ಹೊರೆ ಇಂಟರ್ನೆಟ್ ಗ್ರಾಹಕರೊಬ್ಬರ ಮೇಲೇ ಬೀಳಲಿಲ್ಲ.

ಗೂಗಲ್ ಫೈಬರ್ ಕೂಡ ಮುಚ್ಚಿಹೋಗಲಿಲ್ಲ. 2022ರಲ್ಲಿ ಹೊಸ ರಾಜ್ಯಗಳಿಗೆ ಹೋಗುವುದಾಗಿ ಮತ್ತೆ ಪ್ರಕಟಿಸಿತು.

ಮುಂದೆ "ಇಡೀ ಊರಿಗೆ ಅಗ್ಗದ ಫೈಬರ್ ಬರಲಿದೆ" ಎಂಬ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ: ಅಗೆಯುವ ಖರ್ಚು ಯಾರದ್ದು? ಅಲ್ಲಿ ಈಗಾಗಲೇ ಯಾರಿದ್ದಾರೆ? ನೂರರಲ್ಲಿ ಎಷ್ಟು ಮನೆಯವರು ಸೇರುತ್ತಾರೆ? ಈ ಮೂರಕ್ಕೆ ಉತ್ತರವಿಲ್ಲದ ಸುದ್ದಿಯನ್ನು ಸದ್ಯಕ್ಕೆ ನಂಬಬೇಡಿ.